ಸ್ಕೀ ಕಟ್ಟುವ ಮುನ್ನ

ನಮ್ಮ ನಾಡಿನಲ್ಲಿ ಹಿಮ ಬೀಳುವುದಿಲ್ಲ. ಕೊಡಗಿನ ಮುಂಜಾವಿನ ಮಂಜು, ಬಾಬಾಬುಡನ್ ಗಿರಿಯ ಕುಳಿರ್ಗಾಳಿ, ಬೇಸಗೆಯ ಮಳೆಯೊಡನೆ ಆಗೊಮ್ಮೆ ಈಗೊಮ್ಮೆ ಉದುರುವ ಆಲಿಕಲ್ಲು, ಇಷ್ಟೇ ನಮ್ಮ ಅನುಭವ. ಹೀಗಿದ್ದರೂ ಚಳಿಗಾಲದ ರಜೆ ಬಂತೆಂದರೆ ನಮ್ಮ ಕಾಲೇಜುಗಳ ತರುಣ ತರುಣಿಯರಲ್ಲಿ ಕೆಲವರು ಸ್ಕೀ ಕಲಿಯಲೆಂದು ಕಾಶ್ಮೀರದ ಗುಲ್ಮಾರ್ಗಿಗೆ ಹೊರಡುವುದುಂಟು. ಕಳೆದ ಚಳಿಗಾಲದಲ್ಲಿ ಹಾಗೆ ಹೊರಟಿದ್ದ ಇಬ್ಬರು ವಿದ್ಯಾರ್ಥಿಗಳು ನಮ್ಮ ಪ್ರಯೋಗಶಾಲೆಗೆ ಬಂದು, ಕೈಯಲ್ಲಿದ್ದ ಒಂದು ಪಟ್ಟಿಯನ್ನು ಮೇಜಿನ ಮೇಲಿಟ್ಟು, “ಸಾರ್, ಇದರಲ್ಲಿ ಯಾವುದನ್ನು ಬಿಟ್ಟರೆ ನಡೆಯುತ್ತದೆ?” ಎಂದು ಕೇಳಿದರು.

ಪಟ್ಟಿ ಚೆನ್ನಾಗಿಯೇ ಇತ್ತು. ಕಾಲುಚೀಲ ಇಂಥದು, ಕೈಗವಸು ಇಂಥದು, ಕನ್ನಡಕ ಇಂಥದು ಎಂದು ಎಲ್ಲವೂ ಬರೆದಿತ್ತು. ಆದರೆ ಒಂದಕ್ಕೂ ಕಾರಣ ಕೊಟ್ಟಿರಲಿಲ್ಲ. ಕಾರಣ ತಿಳಿಯದ ಸಲಹೆಯನ್ನು ಮನುಷ್ಯನು ಮೊದಲನೆಯ ಅನನುಕೂಲದಲ್ಲಿಯೇ ಕೈಬಿಡುತ್ತಾನೆ. ನಾವೂ ಒಮ್ಮೆ ಹಾಗೆ ಕೈಬಿಟ್ಟು, ಎಡಗಾಲಿನ ಮೂಳೆಯನ್ನು ಮುರಿದುಕೊಂಡು ಊರಿಗೆ ಮರಳಿದವರೇ. ಆ ಕಥೆಯನ್ನು ಅದರ ಸ್ಥಳದಲ್ಲಿ ಹೇಳುತ್ತೇವೆ. ಆ ಇಬ್ಬರಿಗೆ ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇವೆ. ಪ್ರೌಢಶಾಲೆಯ ಭೌತವಿಜ್ಞಾನ ಬಲ್ಲವರಿಗೆ ಇದರಲ್ಲಿ ತಿಳಿಯದ್ದು ಯಾವುದೂ ಇಲ್ಲ.

ಸ್ಕೀ ಎಂಬುದು ನಾರ್ವೆ ದೇಶದ ಮಾತು. ಸೀಳಿದ ಮರದ ತುಂಡು ಎಂಬುದು ಅದರ ಮೂಲಾರ್ಥ. ಆ ದೇಶದವರು ಅದನ್ನು ‘ಶೀ’ ಎಂಬಂತೆ ಉಚ್ಚರಿಸುತ್ತಾರೆ. ಸ್ವೀಡನ್ನಿನ ಕಾಲ್ವ್‌ಟ್ರೆಸ್ಕ್ ಎಂಬಲ್ಲಿ 1924ರಲ್ಲಿ ದೊರೆತ ಮರದ ಸ್ಕೀ 5,000 ವರ್ಷಗಳಿಗೂ ಹಿಂದಿನದು. ಆಟಕ್ಕಾಗಿ ಹುಟ್ಟಿದ ವಸ್ತು ಇದಲ್ಲ. ಚಳಿಗಾಲದಲ್ಲಿ ಬೇಟೆಗೆ, ನೆರೆಯೂರಿಗೆ ಹೋಗಲು ಬೇರೆ ಉಪಾಯವಿಲ್ಲದವರು ಕಂಡುಕೊಂಡ ವಾಹನವಿದು.

ಹಿಮದ ಮೇಲೆ ಏಕೆ ಜಾರುತ್ತದೆ?

ಕೆಸರಿನ ಮೇಲೆ ಹಲಗೆ ಹಾಸಿ ನಡೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸ್ಕೀಯ ಮೊದಲನೆಯ ಗುಣ ಅದೇ. 60 ಕಿಲೋಗ್ರಾಂ ತೂಕದ ಒಬ್ಬ ವಿದ್ಯಾರ್ಥಿ ಬರಿಯ ಬೂಟಿನಲ್ಲಿ ನಿಂತರೆ, ಎರಡು ಅಂಗಾಲುಗಳ ವಿಸ್ತೀರ್ಣ ಸುಮಾರು 400 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡಲ್ಲಿ, ಒಂದೊಂದು ಚದರ ಸೆಂಟಿಮೀಟರಿನ ಮೇಲೂ 150 ಗ್ರಾಂ ಭಾರ ಬೀಳುತ್ತದೆ. ಹೊಸದಾಗಿ ಬಿದ್ದ ಹಿಮ ಅದನ್ನು ತಾಳಲಾರದು, ಮೊಣಕಾಲಿನವರೆಗೆ ಹೂತುಹೋಗುತ್ತೇವೆ. ಅವನೇ 160 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲದ ಎರಡು ಸ್ಕೀಗಳ ಮೇಲೆ ನಿಂತರೆ ಅದೇ ಭಾರ 2,560 ಚದರ ಸೆಂಟಿಮೀಟರಿಗೆ ಹರಡಿ, ಒತ್ತಡ ಸುಮಾರು 23 ಗ್ರಾಮಿಗೆ ಇಳಿಯುತ್ತದೆ.

ಮುಳುಗದಿರುವುದೇನೋ ಸರಿ, ಜಾರುವುದು ಹೇಗೆ? ಮಂಜುಗಡ್ಡೆಯ ಮೇಲೆ ಒತ್ತಡ ಬಿದ್ದರೆ ಅದರ ಕರಗುವ ಬಿಂದು ಇಳಿಯುತ್ತದೆ, ಹೀಗೆ ಕರಗಿದ ನೀರಿನ ಮೇಲೆ ಜಾರುತ್ತೇವೆ ಎಂಬ ಉತ್ತರ ಬಹುಕಾಲದಿಂದ ಪಠ್ಯಪುಸ್ತಕಗಳಲ್ಲಿದೆ. ನಾವೂ ಪರೀಕ್ಷೆಯಲ್ಲಿ ಹಾಗೆ ಬರೆದು ಅಂಕ ಪಡೆದವರೇ. ಆದರೆ ಲೆಕ್ಕ ಹಾಕಿ ನೋಡಿರಿ. ಕರಗುವ ಬಿಂದು ಒಂದು ಡಿಗ್ರಿ ಇಳಿಯಬೇಕಾದರೆ ಸುಮಾರು 135 ವಾಯುಭಾರದಷ್ಟು ಒತ್ತಡ ಬೇಕು. ಒಂದು ವಾಯುಭಾರವೆಂದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿಗೆ ತುಸು ಹೆಚ್ಚು. ನಮ್ಮ 23 ಗ್ರಾಮಿನಿಂದ ಆಗುವ ಇಳಿಕೆ ಒಂದು ಡಿಗ್ರಿಯ ಐದು ಸಾವಿರದಲ್ಲೊಂದು ಭಾಗವೂ ಆಗದು. ಹಿಮದ ಕಣಗಳು ಸ್ಕೀಯನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತವೆಂದು, ನಿಜವಾದ ಸ್ಪರ್ಶದ ವಿಸ್ತೀರ್ಣ ನೂರರಲ್ಲೊಂದು ಪಾಲು ಮಾತ್ರವೆಂದು ಹಿಡಿದರೂ ಇಳಿಕೆ ಐವತ್ತರಲ್ಲೊಂದು ಡಿಗ್ರಿಯನ್ನು ಮುಟ್ಟದು. ಹೊರಗಿನ ಉಷ್ಣಮಾನ ಸೊನ್ನೆಗಿಂತ 10 ಡಿಗ್ರಿ ಕೆಳಗಿರುವಾಗ ಇದರಿಂದ ಏನು ಪ್ರಯೋಜನ?

1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಖ್ ಎಂಬಲ್ಲಿನ ಪ್ರಯೋಗಶಾಲೆಯಲ್ಲಿ ನಡೆಸಿದ ಪರೀಕ್ಷೆಗಳನ್ನು ಪ್ರಕಟಿಸಿದರು. ಅವರ ತೀರ್ಮಾನ ಸರಳವಾದುದು: ನೀರನ್ನು ಹುಟ್ಟಿಸುವುದು ಒತ್ತಡವಲ್ಲ, ಉಜ್ಜುವಿಕೆಯ ಶಾಖ. ಉಷ್ಣವನ್ನು ಚೆನ್ನಾಗಿ ಒಯ್ಯುವ ಲೋಹ ಹಿಮದ ಮೇಲೆ ಹೆಚ್ಚು ಘರ್ಷಣೆ ತೋರಿತು, ಒಯ್ಯದ ಎಬೊನೈಟ್ ಕಡಿಮೆ ತೋರಿತು. ಲೋಹ ಶಾಖವನ್ನು ಹೀರಿಕೊಂಡುಬಿಟ್ಟರೆ ಹಿಮ ಕರಗುವುದಕ್ಕೆ ಉಳಿಯುವುದೇನು? ಮಂಜುಗಡ್ಡೆಯ ಮೇಲ್ಮೈಯ ಅಣುಗಳು ಒಳಗಿನ ಅಣುಗಳಷ್ಟು ಬಿಗಿಯಾಗಿ ಕಟ್ಟುಬಿದ್ದಿಲ್ಲವೆಂಬುದೂ ಈ ಜಾರಿಕೆಗೆ ನೆರವಾಗುತ್ತದೆ. ಈ ವಿಷಯದಲ್ಲಿ ಸಂಶೋಧನೆ ಇಂದಿಗೂ ನಡೆದಿದೆ. ನಮ್ಮ ಕೆಲಸಕ್ಕೆ ಇಷ್ಟು ಸಾಕು: ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಇಳಿಯುವ ನಮ್ಮ ವಿದ್ಯಾರ್ಥಿಯ ಸ್ಕೀಗಳ ಅಡಿಯಲ್ಲಿ, ಘರ್ಷಣ ಗುಣಾಂಕ 0.05 ಎಂದು ಹಿಡಿದರೆ, ಸುಮಾರು 300 ವಾಟ್ ಶಾಖ ಹುಟ್ಟುತ್ತದೆ. ಹಳೆಯ ಕಾಲದ 60 ವಾಟಿನ ಐದು ಬಲ್ಬುಗಳನ್ನು ಅಂಗಾಲಿಗೆ ಕಟ್ಟಿಕೊಂಡಂತಾಯಿತು. ಆ ಶಾಖದ ಒಂದಂಶದಿಂದಲೇ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸಿನ ನೀರಿನ ಪೊರೆ ಏರ್ಪಡುತ್ತದೆ.

ಇದರಿಂದ ಕಲಿಯುವವರಿಗೆ ಏನು ಲಾಭ? ಬಹಳ ಉಂಟು. ಮೊದಲನೆಯದಾಗಿ, ಚಳಿ ಹೆಚ್ಚಿದಷ್ಟೂ ಹಿಮ ನುಣುಪು ಎಂಬ ಭಾವನೆ ತಪ್ಪು. ಅತಿ ಶೈತ್ಯದಲ್ಲಿ ನೀರಿನ ಪೊರೆ ಕಟ್ಟದೆ ಹಿಮವು ಮರಳಿನಂತೆ ಹಿಡಿಯುತ್ತದೆ. 1911ರ ದಕ್ಷಿಣ ಧ್ರುವಪ್ರದೇಶದ ಚಳಿಗಾಲದಲ್ಲಿ ಕ್ಯಾಪ್ಟನ್ ಸ್ಕಾಟನ ತಂಡದ ವಿಲ್ಸನ್, ಬವರ್ಸ್, ಚೆರಿ-ಗೆರಾರ್ಡ್ ಎಂಬ ಮೂವರು ಇದೇ ಕಾರಣದಿಂದ ಎರಡು ಜಾರುಬಂಡಿಗಳನ್ನು ಒಟ್ಟಿಗೆ ಎಳೆಯಲಾರದೆ, ಒಂದನ್ನು ಒಯ್ದಿಟ್ಟು ಮತ್ತೆ ಹಿಂದಿರುಗಿ ಇನ್ನೊಂದನ್ನು ತರುತ್ತ ಹಗಲಿರುಳು ಸವೆಸಿದರು. ಎರಡನೆಯದಾಗಿ, ಬಿಸಿಲೇರಿದ ಮಧ್ಯಾಹ್ನದ ಹಿಮದಲ್ಲಿ ನೀರು ಅತಿಯಾಗಿ, ಒದ್ದೆ ಗಾಜಿನ ಹಲಗೆಗಳೆರಡು ಅಂಟಿಕೊಳ್ಳುವಂತೆ ಸ್ಕೀ ಹಿಮಕ್ಕೆ ಅಂಟುತ್ತದೆ. ಬೆಳಿಗ್ಗೆ ಗಡುಸಾಗಿ ಸರಾಗವಾಗಿದ್ದ ಇಳಿಜಾರು ಸಂಜೆಗೆ ಭಾರವಾದ ಗುಪ್ಪೆಗಳ ಬಯಲಾಗಿರುತ್ತದೆ. ಇಳಿಜಾರು ಅದೇ ಆದರೂ ಹಿಮ ಅದೇ ಅಲ್ಲ.

ಸ್ಕೀಯ ತಳಕ್ಕೆ ಮೇಣ ಹಚ್ಚುವುದೂ ಇದಕ್ಕಾಗಿಯೇ. ತಳವನ್ನು ಈಗ ಉಷ್ಣ ಒಯ್ಯದ, ನೀರು ಹತ್ತದ ಪಾಲಿಥಿಲೀನಿನಿಂದ ಮಾಡುತ್ತಾರೆ. ಅದಕ್ಕೆ ಚಳಿಯ ದಿನ ಗಡುಸಾದ ಮೇಣ, ಬೆಚ್ಚನೆಯ ದಿನ ಮೆದುವಾದ ಮೇಣ. ಗಡುಸಾದ ಹಿಮದ ಹರಳುಗಳು ಮೆದು ಮೇಣದೊಳಕ್ಕೆ ಚುಚ್ಚಿಕೊಂಡು ತಡೆಯುತ್ತವೆಂಬುದನ್ನು ನೆನಪಿಟ್ಟರೆ ಈ ನಿಯಮ ಮರೆಯುವುದಿಲ್ಲ. ಫ್ಲೂರಿನ್ ಸೇರಿದ ಮೇಣಗಳು ಪರಿಸರದಲ್ಲಿ ಕೊಳೆಯದೆ ಉಳಿಯುವುದರಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 2023-24ರ ಋತುವಿನಿಂದ ಅವನ್ನು ನಿಷೇಧಿಸಿದ್ದಾರೆ. ಕಲಿಯುವವನಿಗೆ ಹೇಗೂ ಅವುಗಳ ಅವಶ್ಯಕತೆಯಿಲ್ಲ.

ಸ್ಕೀಯ ಆಕಾರದ ಬಗ್ಗೆ ಒಂದು ಮಾತು. ಮೇಲಿನಿಂದ ನೋಡಿದರೆ ಅದು ತುದಿಗಳಲ್ಲಿ ಅಗಲ, ನಡುವೆ ಕಿರಿದು. ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯ ಟೆಲಿಮಾರ್ಕ್ ಪ್ರಾಂತದ ಸೋಂಡ್ರೆ ನೂರ್‌ಹೈಮ್ ಎಂಬ ಬಡ ರೈತ ಪ್ರಚಾರಕ್ಕೆ ತಂದ ಆಕಾರವಿದು. ಈ ನಡುವಿನ ಒಳಬಾಗೇ ಸ್ಕೀಯನ್ನು ತಿರುಗಿಸುವುದು. ಹಿಮವನ್ನು ಮುಟ್ಟುವ ಉದ್ದದ ವರ್ಗವನ್ನು ಒಳಬಾಗಿನ ಎಂಟರಷ್ಟರಿಂದ ಭಾಗಿಸಿದರೆ ಅಂಚಿನ ವೃತ್ತದ ತ್ರಿಜ್ಯ ಬರುತ್ತದೆ. ಉದ್ದ 1.5 ಮೀಟರ್, ಒಳಬಾಗು 18 ಮಿಲಿಮೀಟರ್ ಆದರೆ ತ್ರಿಜ್ಯ ಸುಮಾರು 15.6 ಮೀಟರ್. ರೇಖಾಗಣಿತದಲ್ಲಿ ಜ್ಯಾ ಮತ್ತು ಕಂಸದ ಪಾಠ ಓದಿದವರು ಇದನ್ನು ತಾವೇ ಸಾಧಿಸಿಕೊಳ್ಳಬಹುದು. ಹೊಸಬರು ತಮ್ಮ ಗದ್ದದಿಂದ ಮೂಗಿನವರೆಗಿನ ಎತ್ತರದ ಸ್ಕೀಯನ್ನು ಬಾಡಿಗೆಗೆ ಪಡೆದರೆ ಸಾಕು. ಕೊಳ್ಳುವುದು ಬೇಡ.

ಬೂಟು ಮತ್ತು ಕಾಲುಚೀಲ

ಸ್ಕೀ ಬಾಡಿಗೆಯದಾಗಲಿ, ಊರುಗೋಲು ಬಾಡಿಗೆಯದಾಗಲಿ. ಬೂಟಿನ ವಿಷಯದಲ್ಲಿ ಮಾತ್ರ ಎಷ್ಟು ಹೊತ್ತಾದರೂ ಅಂಗಡಿಯಲ್ಲಿ ನಿಲ್ಲುವುದಕ್ಕೆ ಸಂಕೋಚಪಡಬಾರದು. ಊರು ಬಿಡುವ ಮೊದಲೇ ಗೋಡೆಗೆ ಹಿಮ್ಮಡಿ ಒತ್ತಿ ನಿಂತು, ಹೆಬ್ಬೆರಳ ತುದಿಯವರೆಗೆ ಸೆಂಟಿಮೀಟರುಗಳಲ್ಲಿ ಅಳೆದಿಟ್ಟುಕೊಳ್ಳಿರಿ. ಸ್ಕೀ ಬೂಟಿನ ಅಳತೆ ಈ ಸೆಂಟಿಮೀಟರುಗಳೇ. ನಮ್ಮ ಚಪ್ಪಲಿಯಂಗಡಿಯ ಏಳು ಎಂಟು ಅಲ್ಲಿ ನಡೆಯದು. ಒಳಗಿನ ಮೆತ್ತೆಯನ್ನು ತೆಗೆದು ಬರಿಯ ಚಿಪ್ಪಿನೊಳಗೆ ಕಾಲಿಟ್ಟು, ಬೆರಳುಗಳು ಮುಂದೆ ಮುಟ್ಟುವಂತೆ ಸರಿಸಿದಾಗ, ಹಿಮ್ಮಡಿಯ ಹಿಂದೆ ಒಂದರಿಂದ ಎರಡು ಬೆರಳಿನಷ್ಟು ಎಡೆ ಉಳಿಯಬೇಕು. ಮೆತ್ತೆ ಹಾಕಿ, ಕೊಂಡಿ ಬಿಗಿದು ನೆಟ್ಟಗೆ ನಿಂತರೆ ಬೆರಳ ತುದಿ ಮುಂದೆ ತಾಗಬೇಕು; ಮೊಣಕಾಲು ಬಾಗಿಸಿದರೆ ಹಿಂದಕ್ಕೆ ಸರಿಯಬೇಕು. ಹಿಮ್ಮಡಿ ಮೇಲೇಳಬಾರದು.

ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕುವುದು ನಮ್ಮವರೆಲ್ಲರೂ ಮಾಡುವ ತಪ್ಪು. ಕಾಲನ್ನು ಬೆಚ್ಚಗಿಡುವುದು ಉಣ್ಣೆಯಲ್ಲ, ರಕ್ತ. ಉಣ್ಣೆ ಆ ಶಾಖ ಸೋರಿಹೋಗದಂತೆ ಕಾಯುತ್ತದೆ, ಅಷ್ಟೆ. ಗಟ್ಟಿಚಿಪ್ಪಿನ ಬೂಟಿನೊಳಗೆ ಎರಡನೆಯ ಜೊತೆ ತುರುಕಿದರೆ ರಕ್ತನಾಳಗಳು ಅಮುಕಿ, ಬೆಚ್ಚಗಾಗಬೇಕಾದ ಕಾಲು ಮರಗಟ್ಟುತ್ತದೆ. ತೆಳುವಾದ ಒಂದೇ ಜೊತೆ ಉಣ್ಣೆಯ ಕಾಲುಚೀಲ, ಮೊಣಕಾಲಿನವರೆಗೆ ಮಡಿಕೆಯಿಲ್ಲದೆ ಎಳೆದದ್ದು. ಒದ್ದೆಯಾದರೆ ಬದಲಿಸಲು ಇನ್ನೊಂದು ಜೊತೆ ಜೇಬಿನಲ್ಲಿರಲಿ.

ಬಿಗಿಯಾದದ್ದೆಲ್ಲ ಭದ್ರವೆ?

ಬೂಟನ್ನು ಸ್ಕೀಗೆ ಹಿಡಿದಿಡುವ ಉಪಕರಣಕ್ಕೆ ಬೈಂಡಿಂಗ್ ಎಂದು ಹೆಸರು. ಹಿಡಿಯುವುದು ಅದರ ಅರ್ಧ ಕೆಲಸ. ತಕ್ಕ ಸಮಯದಲ್ಲಿ ಬಿಡುವುದು ಉಳಿದರ್ಧ, ಅದೇ ಮುಖ್ಯವಾದುದು.

ಸ್ಕೀ ಒಂದು ಸನ್ನೆಗೋಲು. ತುಕ್ಕು ಹಿಡಿದ ನಟ್ಟನ್ನು ಬಿಚ್ಚಲು ಉದ್ದನೆಯ ಸ್ಪ್ಯಾನರ್ ಹುಡುಕುತ್ತೇವಷ್ಟೆ. ಸಣ್ಣ ಬಲವೂ ಉದ್ದ ತೋಳಿನ ತುದಿಯಲ್ಲಿ ದೊಡ್ಡ ತಿರುಚುವಿಕೆಯಾಗುತ್ತದೆಂಬುದೇ ಅದಕ್ಕೆ ಕಾರಣ. ಸ್ಕೀಯ ಮೂತಿ ನಮ್ಮ ಕಾಲಿನಿಂದ ಹೆಚ್ಚುಕಡಿಮೆ ಒಂದು ಮೀಟರ್ ದೂರದಲ್ಲಿದೆ. ಇಲ್ಲಿ ಸ್ಪ್ಯಾನರ್ ಸ್ಕೀ. ನಟ್ಟು ನಮ್ಮ ಮೊಣಕಾಲಿನ ಕೆಳಗಿನ ಮೂಳೆ. ಅಮೆರಿಕದಲ್ಲಿ ನೆಲೆಸಿದ್ದ ನಾರ್ವೆಯ ಯಾಲ್ಮಾರ್ ವಾಮ್ ಎಂಬ ಸ್ಕೀಪಟು 1937ರಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಇಂಥ ತಿರುಚುವಿಕೆ ಮಿತಿ ಮೀರಿದೊಡನೆ ತಾನೇ ಬಿಟ್ಟುಕೊಳ್ಳುವ ಬೈಂಡಿಂಗನ್ನು ಯೋಚಿಸಿದ. ಇಂದಿನ ಬೈಂಡಿಂಗುಗಳ ಮೂಲಪುರುಷರಲ್ಲಿ ಅವನೊಬ್ಬ.

ಈಗಿನ ಬೈಂಡಿಂಗಿನ ಮೇಲೆ ಒಂದು ಕಿಂಡಿಯಿದ್ದು ಅದರಲ್ಲಿ ಒಂದು ಸಂಖ್ಯೆ ಕಾಣುತ್ತದೆ. ರೂಢಿಯಲ್ಲಿ ಅದಕ್ಕೆ ‘ಡಿನ್’ ಸಂಖ್ಯೆ ಎನ್ನುತ್ತಾರೆ. ಪಕ್ಕಕ್ಕೆ ತಿರುಚುವ ದಿಕ್ಕಿನಲ್ಲಿ ಅದರ ಅರ್ಥ ಸುಲಭ: ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ, ಎಷ್ಟು ನ್ಯೂಟನ್-ಮೀಟರ್ ತಿರುಚುವಿಕೆಗೆ ಬೂಟು ಕಳಚಬೇಕೆಂಬುದು ಸುಮಾರಾಗಿ ದೊರೆಯುತ್ತದೆ. 5 ಎಂದರೆ 50. ಅಂದರೆ ಒಂದು ಮೀಟರ್ ದೂರದ ಮೂತಿಗೆ ಐದು ಕಿಲೋಗ್ರಾಮಿನ ಭಾರ ಅಡ್ಡಲಾಗಿ ಒತ್ತಿದರೆ ಸಾಕು. ಈ ಸಂಖ್ಯೆಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ ಮತ್ತು ಸವಾರನ ಪಳಗಿಕೆ, ಈ ಐದನ್ನೂ ನೋಡಿ ಅಂತರರಾಷ್ಟ್ರೀಯ ಪಟ್ಟಿಯ ಪ್ರಕಾರ ನಿಶ್ಚಯಿಸತಕ್ಕದ್ದು.

ಈಗ ನಮ್ಮ ಕಥೆ. ಕೆಲವು ವರ್ಷಗಳ ಹಿಂದೆ, ಕಲಿಯಲು ಹೋದ ಮೂರನೆಯ ದಿನ, ಬಾಡಿಗೆಯ ಅಂಗಡಿಯೊಂದರಲ್ಲಿ ಸ್ಕೀ ಬದಲಾಯಿಸಿಕೊಂಡೆವು. ಅಂಗಡಿಯವನು ನಮ್ಮ ತೂಕ ಕೇಳಲಿಲ್ಲ, ನಾವೂ ಹೇಳಲಿಲ್ಲ. “ಬಿಗಿಯಾಗಿದೆ, ಬಿಚ್ಚುವುದಿಲ್ಲ, ಹೆದರಬೇಡಿ” ಎಂದು ಅವನು ಹೇಳಿದ್ದು ನಮಗೆ ಧೈರ್ಯದ ಮಾತಾಗಿಯೇ ಕೇಳಿಸಿತು. ಸಂಜೆ ನಾಲ್ಕರ ಹೊತ್ತು. ಹಿಮ ಒದ್ದೆಯಾಗಿ ಗುಪ್ಪೆಗುಪ್ಪೆಯಾಗಿತ್ತು. ವೇಗವೇನೂ ಇರಲಿಲ್ಲ, ಬಹುತೇಕ ನಿಂತೇ ಇದ್ದೆವು. ಎಡಗಡೆಯ ಸ್ಕೀಯ ಮೂತಿ ಒಂದು ಗುಪ್ಪೆಯಲ್ಲಿ ಸಿಕ್ಕಿತು, ದೇಹ ಬಲಕ್ಕೆ ತಿರುಗಿ ನಿಧಾನವಾಗಿ ಬಿದ್ದಿತು, ಸ್ಕೀ ಮಾತ್ರ ಇದ್ದಲ್ಲಿಯೇ ಇತ್ತು. ಕಟ್ಟಿಗೆ ಮುರಿದಂಥ ಸದ್ದು ಕೇಳಿತು. ಬಿದ್ದಲ್ಲಿಂದಲೇ ನೋಡಿದೆವು: ಕಿಂಡಿಯಲ್ಲಿದ್ದ ಸಂಖ್ಯೆ 8. ನಮ್ಮ ತೂಕದ, ಮೂರು ದಿನದ ಹೊಸಬನಿಗೆ ಪಟ್ಟಿಯ ಪ್ರಕಾರ ಸಲ್ಲತಕ್ಕದ್ದು ಅದರ ಅರ್ಧವೂ ಆಗದು. ನಮಗಿಂತ ಮೊದಲು ಆ ಸ್ಕೀಯನ್ನು ಯಾರೋ ಭಾರಿ ಆಳು, ಪಳಗಿದವನು, ಬಳಸಿರಬೇಕು.

ಅಂಗಡಿಯವನನ್ನು ದೂರುವುದು ಸುಲಭ. ಆದರೆ ತಿರುಚುಬಲದ ಪಾಠವನ್ನು ಹತ್ತು ವರ್ಷ ಕರಿಹಲಗೆಯ ಮೇಲೆ ಬರೆದವರು ನಾವು! ಮೂರು ತಿಂಗಳು ಕುರ್ಚಿಯಲ್ಲಿ ಕುಳಿತೇ ಪಾಠ ಹೇಳಬೇಕಾಯಿತು.

ಆದುದರಿಂದ ಅಂಗಡಿಯಲ್ಲಿ ಕೇಳದಿದ್ದರೂ ನಿಮ್ಮ ತೂಕ, ಎತ್ತರ, ವಯಸ್ಸುಗಳನ್ನು ನೀವೇ ಹೇಳಿರಿ. ಪಳಗಿಕೆಯ ವಿಷಯದಲ್ಲಿ ಜಂಭ ಬೇಡ. ಜಂಭವು ಸಂಖ್ಯೆಯನ್ನು ಏರಿಸುತ್ತದೆ. ಎರಡೂ ಸ್ಕೀಗಳ ಮುಂದಿನ ಮತ್ತು ಹಿಂದಿನ ಕಿಂಡಿಗಳನ್ನು ಕಣ್ಣಾರೆ ನೋಡಿ ಸಂಖ್ಯೆಯನ್ನು ಬರೆದುಕೊಳ್ಳಿರಿ. ಸ್ಕೀ ಬದಲಾದರೆ ಮತ್ತೆ ಎಲ್ಲವನ್ನೂ ಮೊದಲಿನಿಂದ ನೋಡತಕ್ಕದ್ದು. ನೀವೇ ತಿರುಪುಳಿ ಹಿಡಿದು ಸರಿಪಡಿಸಲು ಹೋಗಬೇಡಿರಿ. ಬಲ್ಲವನ ಕೈಯಲ್ಲಿ ಮಾಡಿಸಿರಿ. ಕಾಲಿಡುವ ಮೊದಲು ಬೂಟಿನ ತಳಕ್ಕೆ ಅಂಟಿದ ಹಿಮವನ್ನು ಕೆರೆದು ತೆಗೆಯುವುದನ್ನು ಮರೆಯಬಾರದು. ಅದು ಗಟ್ಟಿಯಾಗಿ ನಡುವೆ ಸಿಕ್ಕಿಕೊಂಡರೆ ಸರಿಯಾದ ಸಂಖ್ಯೆಯೂ ಸುಳ್ಳಾಗುತ್ತದೆ.

ಇಷ್ಟಾದರೂ ಬೈಂಡಿಂಗ್ ಎಲ್ಲವನ್ನೂ ಕಾಯುವುದಿಲ್ಲ. ಅದರ ಸುಧಾರಣೆಯಿಂದ ಮೂಳೆ ಮುರಿತ ಬಹಳ ಇಳಿಯಿತು. ಆದರೆ ಮೊಣಕಾಲಿನೊಳಗಿನ ಅಸ್ಥಿರಜ್ಜು ಹರಿಯುವುದು ಹಾಗೆ ಇಳಿಯಲಿಲ್ಲ. ಹಿಂದಕ್ಕೆ ಕುಳಿತಂತೆ ಬೀಳುವುದು, ಬಿದ್ದು ಜಾರುತ್ತಿರುವಾಗಲೇ ಏಳಲು ಹವಣಿಸುವುದು, ಇವೆರಡೂ ಅದಕ್ಕೆ ಮುಖ್ಯ ಕಾರಣಗಳು. ಕೈಗಳು ಮುಂದಿರಲಿ. ಬಿದ್ದ ಮೇಲೆ ಪೂರ್ತಿ ನಿಲ್ಲುವವರೆಗೆ ಬಿದ್ದೇ ಇರಿ.

ತಲೆಗೆ ಶಿರಸ್ತ್ರಾಣ ಬೇಕೇ ಎಂದು ಆ ಇಬ್ಬರಲ್ಲೊಬ್ಬ ಕೇಳಿದ. ಸೆಕೆಂಡಿಗೆ 10 ಮೀಟರ್ ಎಂದರೆ ಗಂಟೆಗೆ 36 ಕಿಲೋಮೀಟರ್. ಆ ವೇಗದಲ್ಲಿ ಮರಕ್ಕೆ ಬಡಿಯುವುದೂ 5 ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದೂ ಒಂದೇ. ಅವನು ಮತ್ತೆ ಕೇಳಲಿಲ್ಲ.

ಚಳಿಯೂ ಬಿಸಿಲೂ

ಹತ್ತಿ ನಮ್ಮ ಧಾರವಾಡದ, ರಾಯಚೂರಿನ ಬಿಸಿಲಿಗೆ ತಕ್ಕ ಬಟ್ಟೆ. ಬೆವರನ್ನು ಹೀರಿ ಮೈಯನ್ನು ತಂಪಾಗಿಡುತ್ತದೆ. ಹಿಮದಲ್ಲಿ ಆ ಗುಣವೇ ವೈರಿ. ನಿಶ್ಚಲವಾದ ಗಾಳಿಗಿಂತ ನೀರು ಸುಮಾರು 25 ಪಟ್ಟು ಹೆಚ್ಚು ಚೆನ್ನಾಗಿ ಉಷ್ಣವನ್ನು ಒಯ್ಯುತ್ತದೆ. ಬನಿಯನ್ನಿನಲ್ಲಿ ನಿಂತ 100 ಗ್ರಾಂ ಬೆವರು ಆವಿಯಾಗಲು ಸುಮಾರು 58 ಕಿಲೋಕ್ಯಾಲರಿ ಬೇಕು; ಸುಮ್ಮನೆ ಕುಳಿತ ದೇಹ ಮುಕ್ಕಾಲು ಗಂಟೆಯಲ್ಲಿ ಹುಟ್ಟಿಸುವ ಶಾಖವೆಲ್ಲ ಅದಕ್ಕೇ ಹೋಯಿತು. ಆದ್ದರಿಂದ ಮೈಗೆ ತಾಗುವ ಪದರ ಉಣ್ಣೆಯದೋ ಕೃತಕ ನೂಲಿನದೋ ಇರಲಿ. ಅದರ ಮೇಲೆ ಗಾಳಿಯನ್ನು ಹಿಡಿದಿಡುವ ಸ್ವೆಟರು. ಎಲ್ಲಕ್ಕೂ ಹೊರಗೆ ಗಾಳಿಯನ್ನೂ ನೀರನ್ನೂ ತಡೆಯುವ ತೆಳುವಾದ ಹೊದಿಕೆ. ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಪದರ ಮೇಲು, ಏಕೆಂದರೆ ಬೆವರು ಬರುವ ಮೊದಲೇ ಒಂದನ್ನು ಕಳಚಬಹುದು. ಅಜ್ಜಿ ಹೆಣೆದ ಸ್ವೆಟರನ್ನು ತರಬಹುದೆ ಎಂದು ಕೇಳಿದವರಿಗೆ, ಅಗತ್ಯವಾಗಿ ತನ್ನಿ ಎಂದು ಹೇಳಿದೆವು. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲು ತೇವವನ್ನು ಹೀರಿಯೂ ಒದ್ದೆಯೆನಿಸದು.

ಜಾರುವವನು ತನ್ನ ಗಾಳಿಯನ್ನು ತಾನೇ ಎಬ್ಬಿಸಿಕೊಳ್ಳುತ್ತಾನೆ. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಹವೆಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬಡಿದರೆ ಬರಿಯ ಚರ್ಮಕ್ಕೆ ಅದು 21 ಡಿಗ್ರಿ ಕೆಳಗಿದ್ದಂತೆ. ಬೆರಳುಗಳನ್ನು ಬೇರೆ ಬೇರೆ ಮಾಡುವ ಕೈಗವಸಿಗಿಂತ ನಾಲ್ಕನ್ನೂ ಒಟ್ಟಿಗೆ ಇಡುವ ಚೀಲದಂಥ ಗವಸು ಬೆಚ್ಚಗೆ. ಹೊರಮೈ ಕಡಿಮೆಯಾದಷ್ಟೂ ಶಾಖನಷ್ಟ ಕಡಿಮೆ.

ಚಳಿಯನ್ನು ಎಲ್ಲರೂ ನೆನೆಯುತ್ತಾರೆ, ಬಿಸಿಲನ್ನು ಮರೆಯುತ್ತಾರೆ. ಪ್ರತಿ 1,000 ಮೀಟರ್ ಏರಿದಂತೆ ಅತಿನೇರಳೆ ಕಿರಣಗಳು ನೂರಕ್ಕೆ ಹತ್ತರಷ್ಟು ಹೆಚ್ಚುತ್ತವೆ. ಸಾಲದ್ದಕ್ಕೆ ಹೊಸ ಹಿಮವು ಅವುಗಳಲ್ಲಿ ನೂರಕ್ಕೆ ಎಂಬತ್ತರವರೆಗೆ ಹಿಂದಕ್ಕೆ ಎರಚುತ್ತದೆ. ಗದ್ದದ ಅಡಿ, ಮೂಗಿನ ಹೊಳ್ಳೆಯ ಅಡಿ ಸುಡುವುದು ಇದರಿಂದಲೇ. ನಮ್ಮ ಕಪ್ಪು ಚರ್ಮಕ್ಕೆ ಏನೂ ಆಗದೆಂದು ಭಾವಿಸಬೇಡಿರಿ. ಕಣ್ಣಿಗಂತೂ ಬಣ್ಣದ ರಕ್ಷಣೆಯಿಲ್ಲ. ಕನ್ನಡಕವಿಲ್ಲದೆ ಅರ್ಧ ದಿನ ಕಳೆದರೆ ರಾತ್ರಿ ಕಣ್ಣಿಗೆ ಮರಳು ಸುರಿದಂತೆ ಉರಿಯುತ್ತದೆ. ಮೋಡದ ದಿನವೂ ಅದನ್ನು ತೆಗೆಯಬಾರದು.

ಗರಡಿಯ ವಿದ್ಯೆ

ಇಳಿಯುವುದಕ್ಕೆ ಶಕ್ತಿ ಏಕೆ ಬೇಕು, ಭೂಮಿಯೇ ಎಳೆಯುತ್ತದಲ್ಲ, ಎಂಬ ಪ್ರಶ್ನೆ ಸಹಜವಾದುದು. 60 ಕಿಲೋಗ್ರಾಮಿನವನು 300 ಮೀಟರ್ ಇಳಿದರೆ ಸುಮಾರು 1,76,000 ಜೂಲ್ ಪ್ರಚ್ಛನ್ನ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಬಹುಪಾಲು ಹಿಮಕ್ಕೂ ಗಾಳಿಗೂ ಹೋಗುತ್ತದೆ. ಒಂದು ಪಾಲನ್ನು ತೊಡೆಯ ಸ್ನಾಯುಗಳು ತಡೆಗಟ್ಟೆಯಂತೆ ನುಂಗಬೇಕು. ಹೀಗೆ ಹಿಗ್ಗುತ್ತಲೇ ಬಿಗಿಹಿಡಿಯುವ ಸ್ನಾಯು ಅಭ್ಯಾಸವಿಲ್ಲದಿದ್ದರೆ ಮರುದಿನ ಮೆಟ್ಟಿಲು ಇಳಿಯಗೊಡುವುದಿಲ್ಲ. ಇದಕ್ಕೆ ಬೇಕಾದ ಸಾಧನೆ ನಮ್ಮ ಗರಡಿಮನೆಗಳಲ್ಲಿ ಹಿಂದಿನಿಂದಲೂ ಇದೆ: ಬಸ್ಕಿ. ನಿಧಾನವಾಗಿ ಕುಳಿತು, ಸ್ವಲ್ಪ ಬೇಗ ಏಳುವುದು. ಅದರೊಡನೆ ಮೆಟ್ಟಿಲಿಳಿಯುವುದು, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕುಳಿತಿರುವುದು, ಒಂಟಿಕಾಲಿನಲ್ಲಿ ನಿಂತು ಕಣ್ಣುಮುಚ್ಚುವುದು. ಹೊರಡುವುದಕ್ಕೆ ಎಂಟು ವಾರ ಮೊದಲೇ ಆರಂಭಿಸಿರಿ. ಹಿಂದಿನ ವಾರ ಆರಂಭಿಸಿದರೆ ನೋವಷ್ಟೇ ಲಾಭ. ಪೆಟ್ಟುಗಳು ಹೆಚ್ಚಾಗಿ ಆಗುವುದು ದಣಿದಾಗ. “ಇನ್ನೊಂದೇ ಸಲ” ಎನ್ನಿಸಿದಾಗ ನಿಲ್ಲಿಸತಕ್ಕದ್ದು.

ದಾರಿ ಮತ್ತು ಎತ್ತರ

ಬೆಂಗಳೂರಿನಿಂದ ಶ್ರೀನಗರಕ್ಕೆ ವಿಮಾನವುಂಟು. 2025ರ ಜೂನ್ ತಿಂಗಳಿನಿಂದ ಕಟ್ರಾದ ಮೂಲಕ ರೈಲಿನಲ್ಲಿಯೂ ತಲಪಬಹುದು. ಅಲ್ಲಿಂದ ಟಂಗ್‌ಮಾರ್ಗ್, ಮುಂದೆ ಹಿಮ ಬಿದ್ದಿದ್ದರೆ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನದಲ್ಲಿ ಗುಲ್ಮಾರ್ಗ್. ಸ್ಕೀ ಕಲಿಸುವ ಸರಕಾರಿ ಸಂಸ್ಥೆಯೂ ಅಲ್ಲಿದೆ. ಹಿಮ ಸುರಿದರೆ ರಸ್ತೆಯೂ ವಿಮಾನವೂ ನಿಲ್ಲುವುದುಂಟು. ಹಿಂದಿರುಗುವ ದಿನಕ್ಕೂ ಪರೀಕ್ಷೆಯ ದಿನಕ್ಕೂ ನಡುವೆ ಎರಡು ದಿನ ಬಿಡಿರಿ. ವಿಮೆಯ ಪತ್ರದಲ್ಲಿ ಹಿಮಕ್ರೀಡೆ ಸೇರಿದೆಯೇ ಎಂದು ಓದಿ ನೋಡಿರಿ.

ಬೆಂಗಳೂರಿನ 920 ಮೀಟರ್ ಎತ್ತರದಲ್ಲಿ ವಾಯುಭಾರ ಸಮುದ್ರಮಟ್ಟದಲ್ಲಿರುವುದರ ನೂರಕ್ಕೆ ತೊಂಬತ್ತು. ಗುಲ್ಮಾರ್ಗಿನ 2,650 ಮೀಟರಿನಲ್ಲಿ ಸುಮಾರು ಎಪ್ಪತ್ತೆರಡು. ತಂತಿಪಥದ ಎರಡನೆಯ ಹಂತ ನಮ್ಮನ್ನು ಇಳಿಸುವ ಅಫರ್ವತ್ ಏಣಿನಲ್ಲಿ, ಸುಮಾರು 3,950 ಮೀಟರಿನಲ್ಲಿ, ಅರವತ್ತೊಂದೋ ಅರವತ್ತೆರಡೋ ಅಷ್ಟೆ. ಬೆಳಿಗ್ಗೆ ಬೆಂಗಳೂರು ಬಿಟ್ಟವನು ಅಂದೇ ಮೇಲೇರಿದರೆ ತಲೆನೋವು, ವಾಕರಿಕೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಮೊದಲನೆಯ ದಿನ ಕೆಳಗೇ ಇದ್ದು ವಿಶ್ರಮಿಸಿರಿ, ನೀರು ಚೆನ್ನಾಗಿ ಕುಡಿಯಿರಿ. ತಲೆನೋವಿದ್ದರೆ ಇನ್ನೂ ಏರಬೇಡಿರಿ, ಹೆಚ್ಚಾದರೆ ಇಳಿಯಿರಿ. ಮದ್ಯ ಮೈಯನ್ನು ಬೆಚ್ಚಗಿಡುತ್ತದೆಂಬುದು ಚರ್ಮದ ಭ್ರಮೆ. ಅದು ಚರ್ಮಕ್ಕೆ ರಕ್ತ ಹರಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ.

ಕೋಣೆಯಲ್ಲಿ ಬುಖಾರಿ ಎಂಬ ಒಲೆಯಿರುತ್ತದೆ. ಸೌದೆಯೋ ಕಲ್ಲಿದ್ದಲೋ ಉರಿಯುವ ಕಡೆ ಕಿಟಕಿಯನ್ನು ಪೂರ್ತಿ ಮುಚ್ಚಿ ಮಲಗಬಾರದು. ಅರೆಬೆಂದ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ನಿದ್ದೆಯಲ್ಲಿಯೇ ಕೊಲ್ಲುತ್ತದೆ. ಬೂಟನ್ನು ಬುಖಾರಿಯ ಪಕ್ಕದಲ್ಲಿ ಒಣಗಿಸಬೇಡಿರಿ. ಒಳಮೆತ್ತೆಯನ್ನು ಬೇರೆ ತೆಗೆದು ದೂರದಲ್ಲಿ ಹರವಿರಿ. ಮೊಬೈಲನ್ನು ಒಳಜೇಬಿನಲ್ಲಿಡಿರಿ, ಶೈತ್ಯದಲ್ಲಿ ಬ್ಯಾಟರಿಯ ರಾಸಾಯನಿಕ ಕ್ರಿಯೆ ನಿಧಾನವಾಗಿ ಅದು ಹಠಾತ್ತನೆ ನಿಂತುಹೋಗುತ್ತದೆ.

ಕೊನೆಯದಾಗಿ, ಗುರುತು ಹಾಕಿದ ಇಳಿಜಾರನ್ನು ಬಿಟ್ಟು ಹೋಗಬೇಡಿರಿ. ಅಫರ್ವತ್ತಿನ ಮೇಲಣ ಮುಟ್ಟದ ಹಿಮ ಕಣ್ಣಿಗೆ ಸೊಗಸು. ಆದರೆ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲೇ ಹಿಮಕುಸಿತ ಹೆಚ್ಚು. ಹಳೆಯ ಪದರದ ಮೇಲೆ ಸರಿಯಾಗಿ ಬೆಸೆಯದ ಹೊಸ ಪದರ ಒಬ್ಬನ ಭಾರಕ್ಕೇ ಕಳಚಿಕೊಳ್ಳಬಲ್ಲುದು. 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗಿನ ಮೇಲಣ ಖಿಲನ್‌ಮಾರ್ಗಿನಲ್ಲಿ ತರಬೇತಿಯಲ್ಲಿದ್ದ ನಮ್ಮ ಸೇನೆಯ 17 ಮಂದಿ ಹೀಗೆ ಪ್ರಾಣ ಕಳೆದುಕೊಂಡರು. ಅವರು ಪರ್ವತವನ್ನು ಬಲ್ಲವರಾಗಿದ್ದರು. ಹೂತವನನ್ನು ಹತ್ತು ಹದಿನೈದು ನಿಮಿಷಗಳೊಳಗೆ ತೆಗೆದರೆ ಬದುಕುವ ಸಂಭವವುಂಟು; ಅನಂತರ ಅದು ಬೇಗಬೇಗನೆ ಕುಗ್ಗುತ್ತದೆ. ಅಷ್ಟರಲ್ಲಿ ಹೊರಗಿನಿಂದ ಯಾರೂ ಬರಲಾರರು, ಜೊತೆಗಾರರೇ ತೆಗೆಯಬೇಕು. 457 ಕಿಲೋಹರ್ಟ್ಸ್ ಆವರ್ತನದ ಸಂಕೇತಯಂತ್ರ, ಶೋಧನೆಯ ಕೋಲು, ಸಲಿಕೆ, ಇವುಗಳನ್ನು ಬಳಸಲು ಕಲಿತ ಜೊತೆಗಾರರಿಲ್ಲದವನಿಗೆ ಅಲ್ಲಿ ಕೆಲಸವಿಲ್ಲ.

ಆ ಇಬ್ಬರು ವಿದ್ಯಾರ್ಥಿಗಳು ಪಟ್ಟಿಯಲ್ಲಿದ್ದ ಹತ್ತಿಯ ಬನಿಯನ್ನುಗಳನ್ನೂ ಎರಡನೆಯ ಜೊತೆ ದಪ್ಪ ಕಾಲುಚೀಲವನ್ನೂ ಹೊಡೆದುಹಾಕಿ ಹೊರಟರು. ನಾಲ್ಕನೆಯ ದಿನ ರಾತ್ರಿ ದೂರವಾಣಿ ಬಂತು. “ಸಾರ್, ಅಂಗಡಿಯವನು ಏನೂ ಕೇಳಲಿಲ್ಲ. ನಾವೇ ತೂಕ ಹೇಳಿದೆವು. ಕಿಂಡಿಯಲ್ಲಿ ಆರೂವರೆ ಇತ್ತು, ಇಳಿಸಿಕೊಟ್ಟ. ಇವತ್ತು ಇವನು ಏಳು ಸಲ ಬಿದ್ದ. ಎರಡು ಸಲ ಸ್ಕೀ ಕಳಚಿಕೊಂಡಿತು.” ಕಾಲು ಹೇಗಿದೆ ಎಂದು ಕೇಳಿದೆವು. ಬಿದ್ದವನೇ ದೂರವಾಣಿಯನ್ನು ಕಿತ್ತುಕೊಂಡು, ತೊಡೆ ಬಹಳ ನೋಯುತ್ತಿದೆ, ಬಸ್ಕಿಯನ್ನು ಎರಡೇ ವಾರ ಹೊಡೆದಿದ್ದೆ ಎಂದು ಒಪ್ಪಿಕೊಂಡ.